ಕೈಬರಹದ ಬೆರಗಿನಾಚೆಗೆ: 'ಮುಸಲ್ಮಾನ್' ದಿನಪತ್ರಿಕೆ

ಚೆನ್ನೈನ ಟ್ರಿಪ್ಲಿಕೇನಿನ ಉರ್ದು ದಿನಪತ್ರಿಕೆ 'ಮುಸಲ್ಮಾನ್' ಹೆಸರು ಬಂದಲ್ಲೆಲ್ಲ 'ಕೈಬರಹದ ಕೊನೆಯ ಪತ್ರಿಕೆ' ಎಂಬ ವಿಶೇಷಣವೂ ಬರುತ್ತದೆ. ಈ ಮೆಚ್ಚುಗೆಯಲ್ಲಿ ಪ್ರೀತಿಯಿದೆ; ಇತಿಹಾಸಪ್ರಜ್ಞೆ ಕಡಿಮೆ. ಯಂತ್ರಯುಗಕ್ಕೆ ಬೆನ್ನು ತಿರುಗಿಸಿದ ಪತ್ರಿಕೆಯೆಂದು ಅದನ್ನು ಕೊಂಡಾಡುವವರು, ಉರ್ದು ಪತ್ರಿಕೋದ್ಯಮಕ್ಕೆ ಕೈಬರಹ ಏಕೆ ಬೇಕಾಯಿತೆಂದು ಕೇಳುವುದಿಲ್ಲ.

1927ರಲ್ಲಿ ಸೈಯದ್ ಅಜ್ಮತುಲ್ಲಾ ಪತ್ರಿಕೆಯನ್ನು ಸ್ಥಾಪಿಸಿದರು. ಅದನ್ನು ಉದ್ಘಾಟಿಸಿದವರು ಅದೇ ವರ್ಷ ಮದ್ರಾಸಿನಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದ ಡಾ. ಎಂ. ಎ. ಅನ್ಸಾರಿ. ಸ್ಥಾಪಕರ ಬಳಿಕ ಮಗ ಸೈಯದ್ ಫಜ್ಲುಲ್ಲಾ, 2008ರಲ್ಲಿ ಅವರು ತೀರಿಕೊಂಡ ಮೇಲೆ ಮೊಮ್ಮಗ ಸೈಯದ್ ಆರಿಫುಲ್ಲಾ ಸಂಪಾದಕತ್ವ ವಹಿಸಿದರು. ನಾಲ್ಕು ಪುಟಗಳ ಈ ಸಂಜೆಪತ್ರಿಕೆಯನ್ನು 'ಕಾತಿಬ'ರು, ಅಂದರೆ ಲಿಪಿಕಾರರು, ಕೈಯಿಂದ ಬರೆಯುತ್ತಿದ್ದರು. ಅವರಲ್ಲಿ ಮಹಿಳೆಯರೂ ಇದ್ದರು. ತಡವಾಗಿ ಬರುವ ಸುದ್ದಿಗೆಂದು ಮುಖಪುಟದ ಕೆಳಮೂಲೆಯನ್ನು ಖಾಲಿ ಬಿಡುವುದು ರೂಢಿಯಾಗಿತ್ತು. ಬರೆದ ಪುಟದ ಛಾಯಾಚಿತ್ರ ತೆಗೆದು, ಫಲಕ ಮಾಡಿ, ಅಚ್ಚು ಹಾಕಲಾಗುತ್ತಿತ್ತು.

ಆದ್ದರಿಂದ ಇದನ್ನು ಹಸ್ತಪ್ರತಿ ಪರಂಪರೆಯ ಮುಂದುವರಿಕೆ ಎನ್ನುವುದು ಅರ್ಧಸತ್ಯ ಮಾತ್ರ. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಬರೆಸಿದ ಸಂಗತಿ ಕನ್ನಡದ ವಿದ್ಯಾರ್ಥಿಗಳಿಗೆ ಪರಿಚಿತ. ಅಲ್ಲಿ ಪ್ರತಿಯೊಂದು ಪ್ರತಿಗೂ ಲಿಪಿಕಾರನ ಶ್ರಮ ಹೊಸದಾಗಿ ಬೇಕಿತ್ತು. ಇಲ್ಲಿ ಒಮ್ಮೆ ಬರೆದರೆ ಸಾಕು, ಉಳಿದದ್ದು ಯಂತ್ರದ ಕೆಲಸ.

ಕೈಬರಹದ ಅಗತ್ಯವಿದ್ದುದು ಲಿಪಿಯ ಸ್ವರೂಪದಲ್ಲಿ. ಉರ್ದುವಿನ ನಸ್ತಾಲೀಕ್ ಬರಹದಲ್ಲಿ ಅಕ್ಷರಗಳು ಪರಸ್ಪರ ಬೆಸೆದು ಇಳಿಜಾರಾಗಿ ಸಾಗುತ್ತವೆ. ನೆರೆಯ ಅಕ್ಷರಕ್ಕೆ ತಕ್ಕಂತೆ ಆಕಾರ ಬದಲಿಸುತ್ತವೆ. ಇದು ಸೀಸದ ಮೊಳೆಗಳಿಗೆ ಸುಲಭವಾಗಿ ಒಗ್ಗಲಿಲ್ಲ. 19ನೆಯ ಶತಮಾನದ ಕಲ್ಲಚ್ಚಿಗೆ ಸಹಜವಾಗಿ ಒಗ್ಗಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವೂ 1843ರಲ್ಲಿ ಕಲ್ಲಚ್ಚಿನಲ್ಲೇ ಹೊರಬಂದಿತ್ತು. ಕನ್ನಡ ಬೇಗನೆ ಮೊಳೆಯಚ್ಚಿನತ್ತ ನಡೆಯಿತು; ಉರ್ದು ಪತ್ರಿಕೆಗಳು ಬಹುಮಟ್ಟಿಗೆ ಕಾತಿಬರನ್ನೇ ನೆಚ್ಚಿದವು. ಪಾಕಿಸ್ತಾನದ 'ಜಂಗ್' ಪತ್ರಿಕೆ 1981ರಲ್ಲಿ 'ನೂರಿ ನಸ್ತಾಲೀಕ್' ಎಂಬ ಗಣಕಾಕ್ಷರವನ್ನು ಬಳಕೆಗೆ ತಂದ ಬಳಿಕವಷ್ಟೇ ಚಿತ್ರ ಬದಲಾಗತೊಡಗಿತು. ಅಂದರೆ 'ಮುಸಲ್ಮಾನ್' ತನ್ನ ಬಾಳಿನ ಮೊದಲ ಅರ್ಧ ಶತಮಾನ ನಡೆದದ್ದು ಉರ್ದು ಪತ್ರಿಕೆಗಳ ಸಾಮಾನ್ಯ ದಾರಿಯಲ್ಲಿಯೇ. ಉಳಿದವರು ದಾರಿ ಬದಲಿಸಿದ್ದರಿಂದ ಅದು ಅಪೂರ್ವವಾಗಿ ಕಾಣಿಸಿತು.

ಈ ವಿವೇಚನೆ ಬರಿಯ ತಾಂತ್ರಿಕ ಸೂಕ್ಷ್ಮವಲ್ಲ. ಬರಹದ ಚೆಲುವನ್ನಷ್ಟೇ ನೋಡುವ ಕಣ್ಣು ಬರೆದ ವಿಷಯವನ್ನು ಓದದೆ ಬಿಡುತ್ತದೆ. ಸ್ವಾತಂತ್ರ್ಯ ಚಳವಳಿ, ದೇಶವಿಭಜನೆ, ಭಾಷಾವಾರು ಪ್ರಾಂತಗಳ ರಚನೆ ಇವೆಲ್ಲ ನಡೆದ ಕಾಲದಲ್ಲಿ ದ್ರಾವಿಡ ನುಡಿಗಳ ನಡುವೆ ಬಾಳಿದ ಉರ್ದು ಸಮುದಾಯವೊಂದು ದಿನದಿನವೂ ಏನು ಓದಿತು? ದಕ್ಷಿಣ ಭಾರತದ ಸಾಂಸ್ಕೃತಿಕ ಚರಿತ್ರೆಗೆ ಬೇಕಾದ ಈ ಉತ್ತರ ಇರುವುದು ಹಳೆಯ ಸಂಚಿಕೆಗಳಲ್ಲಿ. ದಿನಪತ್ರಿಕೆಯ ಕಾಗದಕ್ಕೆ ಓಲೆಗರಿಯ ಆಯುಷ್ಯವಿಲ್ಲ. ಛಾಯಾಚಿತ್ರಗಳಿಗೆ ಕಾತಿಬರ ಲೇಖನಿ ಸಿಕ್ಕಿದೆ. ಈಗ ಬೇಕಾದುದು ಸಂಚಿಕೆಗಳ ಅಂಕೀಕರಣ, ವಿಷಯಸೂಚಿ ಮತ್ತು ಉರ್ದುವನ್ನೂ ನೆರೆನುಡಿಯೊಂದನ್ನೂ ಬಲ್ಲ ಸಂಶೋಧಕರು. ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರನ ಹೆಸರಿಗಾಗಿ ಹುಡುಕುವ ವಿದ್ವತ್ತು, ಈ ಕಾತಿಬರ ಹೆಸರುಗಳನ್ನೂ ಅದೇ ಶ್ರದ್ಧೆಯಿಂದ ದಾಖಲಿಸಬೇಕು.