ಲೆನ್ಸ್ ಕೂರುತ್ತದೆ, ಫೋಕಸ್ ಆಗುವುದಿಲ್ಲ!

ಕನ್ನಡ ಕೂಟದ ಕಾರ್ಯಕ್ರಮದಲ್ಲಿ ಮಗಳ ನೃತ್ಯ. ಊರಿನಲ್ಲಿ ಅಜ್ಜಿ ಫೋಟೊಗಾಗಿ ಕಾಯುತ್ತಿದ್ದಾರೆ. ಸಭಾಂಗಣದ ಮಂದ ಬೆಳಕಿಗೆ ಕ್ಯಾಮೆರಾ ಜೊತೆ ಬಂದ ಜೂಮ್ ಸಾಲದು ಎಂದು ನೀವು ಒಂದು ಪ್ರೈಮ್ ಲೆನ್ಸ್ ಹುಡುಕುತ್ತೀರಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ, ಇಲ್ಲವೇ ಊರಿಗೆ ಹೋದಾಗ ಮಾವನವರೇ ತಮ್ಮ ಹಳೆಯದನ್ನು ಕೊಡುತ್ತಾರೆ. ಕ್ಯಾಮೆರಾಕ್ಕೆ ಟಕ್ಕನೆ ಕೂರುತ್ತದೆ. ಆದರೆ ಬಟನ್ ಒತ್ತಿದರೆ ಫೋಕಸ್ ಆಗುವುದೇ ಇಲ್ಲ.

ಲೆನ್ಸ್ ಕೆಟ್ಟಿದೆ ಎಂದುಕೊಳ್ಳಬೇಡಿ. ಮೋಟಾರ್ ಎಲ್ಲಿದೆ ಎಂದು ನೋಡಿ.

ನಿಕಾನ್‌ನ ಹಳೆಯ ಆಟೊಫೋಕಸ್ ಲೆನ್ಸುಗಳೊಳಗೆ ಮೋಟಾರ್ ಇಲ್ಲ. ಬಾಡಿಯಲ್ಲಿರುವ ಮೋಟಾರ್ ಒಂದು ಸಣ್ಣ ಕಡ್ಡಿಯ ಮೂಲಕ, ಸ್ಕ್ರೂ ತಿರುಗಿಸಿದಂತೆ, ಲೆನ್ಸನ್ನು ತಿರುಗಿಸುತ್ತದೆ. ಡಿ7000, ಡಿ7200, ಡಿ7500ರಲ್ಲಿ ಆ ಮೋಟಾರ್ ಇದೆ. ನಮ್ಮಲ್ಲಿ ಹಲವರು ಕೊಂಡಿರುವ ಡಿ3500, ಡಿ5600ರಲ್ಲಿ ಇಲ್ಲ. ಆದ್ದರಿಂದ ಕೊಳ್ಳುವ ಮುನ್ನ ಲೆನ್ಸಿನ ಮೇಲಿನ ಅಕ್ಷರ ಓದಿ. 'ಎಎಫ್ 50 ಮಿ.ಮೀ. ಎಫ್/1.8ಡಿ' ಎಂದಿದ್ದರೆ ಈ ಬಾಡಿಗಳಲ್ಲಿ ಆಟೊಫೋಕಸ್ ಇಲ್ಲ. 'ಎಎಫ್-ಎಸ್ 50 ಮಿ.ಮೀ. ಎಫ್/1.8ಜಿ' ಎಂದಿದ್ದರೆ ಇದೆ. ಹೊಸ ಜಡ್ ಕ್ಯಾಮೆರಾ ಕೊಂಡರೂ ಡಿ ಲೆನ್ಸಿನ ಸಮಸ್ಯೆ ತಪ್ಪದು, ನಿಕಾನ್‌ನ ಎಫ್‌ಟಿಜಡ್ ಅಡಾಪ್ಟರ್‌ನಲ್ಲೂ ಆ ಮೋಟಾರ್ ಇಲ್ಲ. ಕ್ಯಾನನ್ ಇದ್ದವರಿಗೆ ಈ ತಲೆನೋವಿಲ್ಲ: 1987ರಲ್ಲಿ ಬಂದ ಇಎಫ್ ಸರಣಿಯ ಆಟೊಫೋಕಸ್ ಲೆನ್ಸುಗಳಲ್ಲಿ ಮೊದಲಿನಿಂದಲೂ ಮೋಟಾರ್ ಲೆನ್ಸಿನೊಳಗೇ ಇದೆ.

ಈಗಾಗಲೇ ಡಿ ಲೆನ್ಸ್ ಮನೆಗೆ ಬಂದಿದ್ದರೆ? ಕುಣಿಯುವ ಮಗುವನ್ನು ಅದರಲ್ಲಿ ಹಿಡಿಯುವುದು ಕಷ್ಟ. ಎಫ್/1.8ರಲ್ಲಿ ಎರಡು ಮೀಟರ್ ದೂರದ ಮುಖ ತೆಗೆದರೆ, ಸ್ಪಷ್ಟವಾಗಿ ಕಾಣುವುದು ಸುಮಾರು 10 ಸೆಂಟಿಮೀಟರ್ ಆಳ ಮಾತ್ರ. ಒಂದು ಹೆಜ್ಜೆ ಮುಂದಿಟ್ಟರೆ ಮುಖ ಮಸುಕು. ಕಾರ್ಯಕ್ರಮದ ದಿನ ಹಳೆಯ ಜೂಮನ್ನೇ ಒಯ್ಯಿರಿ, ಅಥವಾ ಎಎಫ್-ಎಸ್ ಲೆನ್ಸನ್ನು ಯಾರಿಂದಲಾದರೂ ಎರವಲು ಕೇಳಿ.

ಆದರೆ ಮಾವನವರ ಲೆನ್ಸನ್ನು ಮಾರಬೇಡಿ. ಅದರ ಅಪರ್ಚರ್ ಉಂಗುರವನ್ನು 22ಕ್ಕೆ ತಿರುಗಿಸಿ ಲಾಕ್ ಮಾಡಿ, ಇಲ್ಲವಾದರೆ ಕ್ಯಾಮೆರಾ ದೋಷ ತೋರಿಸುತ್ತದೆ. ಬೆಳಕಿನ ಅಳತೆಯನ್ನು ಕ್ಯಾಮೆರಾವೇ ನೋಡಿಕೊಳ್ಳುತ್ತದೆ. ಅಪರ್ಚರನ್ನು ಕ್ಯಾಮೆರಾದಲ್ಲೇ ಎಫ್/4ಕ್ಕೆ ಇಡಿ, ಆಗ ತಪ್ಪಿಗೆ ಸ್ವಲ್ಪ ಜಾಗ ಸಿಗುತ್ತದೆ. ಬಟನ್ ಅರ್ಧ ಒತ್ತಿ ಹಿಡಿದು ಫೋಕಸ್ ಉಂಗುರ ತಿರುಗಿಸಿ. ವ್ಯೂಫೈಂಡರ್‌ನ ಕೆಳಗೆ ಎಡಕ್ಕೆ ಚುಕ್ಕೆಯೊಂದು ನಿಂತು ಬೆಳಗಿದಾಗ ಕ್ಲಿಕ್ ಮಾಡಿ. ಚಿತ್ರ ಬಿಡಿಸುತ್ತ ಕೂತ ಮಗು, ವಿಡಿಯೊ ಕಾಲ್‌ನಲ್ಲಿ ಅಜ್ಜಿಯ ಕಥೆ ಕೇಳುತ್ತಿರುವ ಮಗು, ಈ ಲೆನ್ಸಿಗೆ ಹೇಳಿ ಮಾಡಿಸಿದ ವಿಷಯಗಳು.

ಒಂದು ಭಾನುವಾರ ಉಂಗುರವನ್ನು ಮಗುವಿನ ಕೈಗೇ ಕೊಡಿ. 'ಈಗ ಮಸುಕು, ಈಗ ಸ್ಪಷ್ಟ. ಅದು ದೂರ, ಇದು ಹತ್ತಿರ' ಎನ್ನುತ್ತ ತಿರುಗಿಸಲಿ. ನಾಲ್ಕು ಕನ್ನಡ ಪದಗಳು ಕಣ್ಣಿನ ಮೂಲಕವೇ ಒಳಗಿಳಿಯುತ್ತವೆ. ಹಾಗೆ ತೆಗೆದ ಮೊದಲ ಫೋಟೊವನ್ನು ಲೆನ್ಸ್ ಕೊಟ್ಟ ತಾತನಿಗೆ ಕಳಿಸಿ.