ಶಟರ್ ಎಳೆಯುವ ಹೊತ್ತು

ನೌಕರಿ ಬಿಟ್ಟು ಸ್ವಂತದ್ದೇನಾದರೂ ಶುರು ಮಾಡುವವರು ಹೇಳುವ ಕಾರಣ ಬಹುಮಟ್ಟಿಗೆ ಒಂದೇ. ಇನ್ನೊಬ್ಬರ ಕೈಕೆಳಗೆ ದುಡಿದದ್ದು ಸಾಕು, ಇನ್ನು ನನ್ನ ಹೊತ್ತು ನನ್ನದು. ದುಡ್ಡಿನ ಆಸೆಗಿಂತ ಈ ಹೊತ್ತಿನ ಆಸೆಯೇ ಎಷ್ಟೋ ಸಲ ದೊಡ್ಡದು. ವರ್ಷ ಕಳೆದ ಮೇಲೆ ಇದೇ ಮಂದಿಯನ್ನು ಮಾತಾಡಿಸಿದರೆ ಎರಡು ತರಹದ ದೂರು ಕೇಳುತ್ತದೆ. ಕಾಫಿ ಕುಡಿದು ಪೇಪರ್ ಮಡಚಿಡುವುದರೊಳಗೆ ಹನ್ನೊಂದು ಗಂಟೆ, ದಿನ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ ಎಂದು ಕೆಲವರು ಪೇಚಾಡುತ್ತಾರೆ. ಇನ್ನು ಕೆಲವರದು ಇದಕ್ಕೆ ತದ್ವಿರುದ್ಧ: ರಾತ್ರಿ ಹನ್ನೊಂದಕ್ಕೂ ಗಿರಾಕಿಯ ವಾಟ್ಸ್ಯಾಪ್, ಭಾನುವಾರವೂ ಲೆಕ್ಕಪತ್ರ, ಊಟದ ತಟ್ಟೆಯ ಪಕ್ಕದಲ್ಲೇ ಫೋನು. ಮೊದಲನೆಯವರಿಗೆ ಬುದ್ಧಿ ಹೇಳಲು ಊರೆಲ್ಲ ಸಿದ್ಧವಾಗಿರುತ್ತದೆ. ಬೇಗ ಏಳು, ಪಟ್ಟಿ ಬರೆದಿಡು, ಮೊಬೈಲ್ ದೂರವಿಡು. ಎರಡನೆಯವರನ್ನು ಮಾತ್ರ ಶ್ರಮಜೀವಿ ಎಂದು ಹೊಗಳಿ ಸುಮ್ಮನಾಗುತ್ತೇವೆ. ನನಗೆ ಈ ಎರಡನೆಯ ಕಾಯಿಲೆಯೇ ಹೆಚ್ಚು ಕೆಟ್ಟದ್ದೆನಿಸುತ್ತದೆ. ಎರಡಕ್ಕೂ ಮದ್ದು ಒಂದೇ ಕಡೆ ಇದೆ, ಆದರೆ ಅದು ನಾವು ಹುಡುಕುವ ಕಡೆ, ಅಂದರೆ ಒಬ್ಬೊಬ್ಬರ ಮನೋಬಲದಲ್ಲಿ, ಇಲ್ಲ ಎಂದೂ ಅನ್ನಿಸುತ್ತದೆ.

ಶಿಸ್ತು ಎಂದ ಕೂಡಲೇ ನಮಗೆ ನೆನಪಾಗುವುದು ಕಾರ್ಖಾನೆಯ ಶಿಸ್ತು. ಬೆಂಗಳೂರಿನ ಮಟ್ಟಿಗಂತೂ ಅದಕ್ಕೆ ಕಾರಣವಿದೆ. 1884ರಲ್ಲಿ ಹುಟ್ಟಿ ಮುಂದೆ ಬಿನ್ನಿ ಮಿಲ್ ಎಂದು ಹೆಸರಾದ ಗಿರಣಿ, ಆಮೇಲೆ 1940ರ ಎಚ್‌ಎಎಲ್, 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್ ಇವೆಲ್ಲ ಸಾವಿರಾರು ಮನೆಗಳಿಗೆ ಸಂಬಳದ ಜೊತೆಗೆ ಒಂದು ವೇಳಾಪಟ್ಟಿಯನ್ನೂ ಕೊಟ್ಟವು. ಸೈರನ್, ಶಿಫ್ಟು, ಬೆಳಗಿನ ಫ್ಯಾಕ್ಟರಿ ಬಸ್ಸು. ಬಡಾವಣೆಯ ಒಲೆ ಹೊತ್ತುತ್ತಿದ್ದದ್ದೇ ಆ ಬಸ್ಸಿನ ಲೆಕ್ಕದಲ್ಲಿ. ಆ ಮನೆಗಳ ಮಕ್ಕಳು, ಮೊಮ್ಮಕ್ಕಳು ಇಂದು ಸ್ವಂತ ಉದ್ಯಮಕ್ಕೆ ಇಳಿದಾಗ ಮೊಬೈಲಿನ ಅಲಾರಂನಲ್ಲಿ ಅದೇ ಸೈರನ್ನನ್ನು ಹುಡುಕುತ್ತಾರೆ. ಅಪ್ಪ ಸೈರನ್ನಿಗೆ ಓಡುತ್ತಿದ್ದದ್ದು ಅದರ ಹಿಂದೆ ಸಂಬಳ ಕಡಿತವಿತ್ತು ಎಂಬ ಕಾರಣಕ್ಕೆ. ತಾನೇ ಇಟ್ಟ ಅಲಾರಂ ತಾನೇ ಒತ್ತಿ ಮಗ್ಗುಲು ಬದಲಿಸಿದರೆ ಕೇಳುವವರು ಯಾರು?

ಕಾರ್ಖಾನೆ ಬರುವ ಮೊದಲು ಕಸುಬಿನವರು ಹೇಗೆ ದುಡಿಯುತ್ತಿದ್ದರೆಂದು ಇಂಗ್ಲೆಂಡಿನ ಇತಿಹಾಸಕಾರ ಇ. ಪಿ. ಥಾಂಪ್ಸನ್ 1967ರ ಒಂದು ಪ್ರಸಿದ್ಧ ಪ್ರಬಂಧದಲ್ಲಿ ವಿವರಿಸಿದ್ದಾರೆ. ಮನೆಯಲ್ಲೇ ಮಗ್ಗ ಇಟ್ಟುಕೊಂಡಿದ್ದ ನೇಕಾರರು, ಜೋಡು ಹೊಲಿಯುವವರು ಸೋಮವಾರಕ್ಕೆ ತಮಾಷೆಯಾಗಿ ಸಂತನ ಪಟ್ಟ ಕಟ್ಟಿ ರಜೆ ಹಾಕುತ್ತಿದ್ದರು. ಮಂಗಳವಾರವೂ ಅಷ್ಟಕ್ಕಷ್ಟೆ. ವಾರದ ಕೊನೆಯಲ್ಲಿ ಮಾತ್ರ ಹಗಲು ರಾತ್ರಿ ಒಂದು ಮಾಡಿ ಮಾಲು ಮುಗಿಸುತ್ತಿದ್ದರು. ದುಡಿಮೆಯ ಲಗಾಮು ದುಡಿಯುವವನ ಕೈಯಲ್ಲೇ ಇದ್ದ ಕಡೆಯೆಲ್ಲ ಹೀಗೆ ಒಮ್ಮೆ ಮೈಮುರಿಯುವ ಕೆಲಸ, ಒಮ್ಮೆ ಆರಾಮ ಕಾಣುತ್ತದೆ ಎಂಬುದು ಥಾಂಪ್ಸನ್ನರ ಮಾತು. ಆದ್ದರಿಂದ ಏರಿಳಿತವೇ ದೋಷವೆಂದು ಕೊರಗಬೇಕಾಗಿಲ್ಲ. ನಮ್ಮಲ್ಲೂ ಸೋಮವಾರವಿದೆ. ಉತ್ತರ ಕರ್ನಾಟಕದ ಹಲವು ಹಳ್ಳಿಗಳಲ್ಲಿ ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಹದ ತಪ್ಪಿ ಹೋಗುತ್ತದೆಂಬ ಆತಂಕ ಇದ್ದರೂ ಪಕ್ಕದ ಹೊಲದವನೂ ಹೂಡಿಲ್ಲವಲ್ಲ ಎಂಬ ನೆಮ್ಮದಿ ಇರುತ್ತದೆ. ಕಾರಣಗಳು ಬೇರೆಯಾದರೂ ಈ ಎರಡೂ ಸೋಮವಾರಗಳು ಒಬ್ಬನೇ ಕೂತು ಗೊತ್ತುಮಾಡಿಕೊಂಡ ರಜೆಗಳಲ್ಲ. ಸುತ್ತಲಿನವರೆಲ್ಲ ಸೇರಿ ಹಿಡಿದ ರಜೆಗಳು.

ವೇಳಾಪಟ್ಟಿಯ ಮಹಿಮೆ ಹೇಳುವವರು ಬೆಂಜಮಿನ್ ಫ್ರಾಂಕ್ಲಿನ್ನನ ದಿನಚರಿಯನ್ನು ತಪ್ಪದೆ ಎತ್ತುತ್ತಾರೆ. ಐದಕ್ಕೆ ಏಳುವುದು, ಎಂಟಕ್ಕೆ ಕೆಲಸ, ಹತ್ತಕ್ಕೆ ನಿದ್ದೆ. ಫ್ರಾಂಕ್ಲಿನ್ ಸ್ವಂತ ಮುದ್ರಣಾಲಯ ನಡೆಸಿದವನು, ನಮ್ಮ ಚರ್ಚೆಗೆ ಸರಿಯಾದ ಸಾಕ್ಷಿಯೇ. ಆದರೆ ಅವನ ಆತ್ಮಕಥೆಯ ಆ ಪುಟದ ಮುಂದಿನ ಮಾತನ್ನು ಓದಿದವರು ಕಡಿಮೆ. ತಾನು ರೂಢಿಸಿಕೊಳ್ಳಲು ಹೊರಟ ಗುಣಗಳಲ್ಲಿ ತನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಈ ಅಚ್ಚುಕಟ್ಟುತನವೇ ಎಂದು ಅವನು ಒಪ್ಪಿಕೊಳ್ಳುತ್ತಾನೆ. ಕೂಲಿಗೆ ಅಚ್ಚುಮೊಳೆ ಜೋಡಿಸುವವನಿಗೆ ಇಂಥ ಪಟ್ಟಿ ಸಾಧ್ಯವಾದೀತು, ಜನರ ನಡುವೆ ಓಡಾಡಬೇಕಾದ, ಗಿರಾಕಿ ಬಂದಾಗ ಕೂತು ಮಾತಾಡಬೇಕಾದ ಮಾಲೀಕನಿಗೆ ಅದು ಆಗದ ಮಾತು ಎಂದೂ ಹೇಳುತ್ತಾನೆ. ಸುಮಾರು ಇನ್ನೂರೈವತ್ತು ವರ್ಷ ಹಳೆಯ ಈ ವಿವೇಕವನ್ನು ಬಿಟ್ಟು ಪಟ್ಟಿಯನ್ನಷ್ಟೇ ಗೋಡೆಗೆ ಅಂಟಿಸಿಕೊಂಡಿದ್ದೇವೆ.

ಇನ್ನೊಬ್ಬ ಸಾಕ್ಷಿ ಕಾದಂಬರಿಕಾರ ಆಂಥನಿ ಟ್ರೊಲೋಪ್. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕೂತು, ಗಡಿಯಾರ ಎದುರಿಗಿಟ್ಟು, ಕಾಲು ಗಂಟೆಗೆ 250 ಪದ ಬರೆಯುತ್ತಿದ್ದ. ಎಂಥ ಆತ್ಮಸಂಯಮ! ಆದರೆ ಅವನನ್ನು ಎಬ್ಬಿಸಿ ಕಾಫಿ ಕೊಡಲೆಂದೇ ಒಬ್ಬ ಮುದಿ ಸೇವಕನಿದ್ದ. ಅದಕ್ಕಾಗಿ ವರ್ಷಕ್ಕೆ ಐದು ಪೌಂಡು ಹೆಚ್ಚಿಗೆ. ತನ್ನ ಯಶಸ್ಸಿಗೆ ಬೇರೆ ಯಾರಿಗಿಂತಲೂ ಆ ಮನುಷ್ಯನಿಗೇ ಹೆಚ್ಚು ಋಣಿಯೇನೋ ಎಂದು ಟ್ರೊಲೋಪನೇ ಬರೆದುಕೊಂಡಿದ್ದಾನೆ. ನಮ್ಮ ಮನೆಗಳಲ್ಲಿ ಆ ಕೆಲಸಕ್ಕೆ ಐದು ಪೌಂಡೂ ಇಲ್ಲ. 2023-24ರ ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯಂತೆ ದೇಶದ ದುಡಿಯುವ ಜನರಲ್ಲಿ ಶೇ. 58.4 ಮಂದಿ ಸ್ವಯಂ ಉದ್ಯೋಗಿಗಳು. ಅವರಲ್ಲಿ ಮೂರನೆಯ ಒಂದು ಪಾಲು ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ದುಡಿಯುವ ಸಹಾಯಕರು. ಅಂಗಡಿಯ ಗಲ್ಲಾದ ಹಿಂದೆ ಕೂರುವ ಹೆಂಡತಿ, ಪಾರ್ಸೆಲ್ ಕಟ್ಟುವ ತಾಯಿ. ಒಬ್ಬರು ತಾನು ಸ್ವತಂತ್ರ ಎಂದು ಹೇಳಿಕೊಳ್ಳುವಾಗ ಅವರ ಅಡುಗೆ, ಔಷಧಿ, ಮಕ್ಕಳ ಶಾಲೆಯ ಬಸ್ಸು ಇವುಗಳ ಸಮಯವನ್ನು ಇನ್ಯಾರು ಹೊತ್ತಿದ್ದಾರೆಂದು ಕೇಳಲೇಬೇಕು.

ಈ ಪ್ರಶ್ನೆಯನ್ನು ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಗಸಿನ ಕಡೆಯಿಂದ ನೋಡಿದರೆ ಇಡೀ ವಿಷಯವೇ ತಿರುಗಿ ನಿಲ್ಲುತ್ತದೆ. ಆಕೆಗೆ ವೇಳಾಪಟ್ಟಿಯ ಕೊರತೆ ಎಲ್ಲಿದೆ? ನಲ್ಲಿ ನೀರು ಬರುವ ಸಮಯ, ಮಕ್ಕಳು ಶಾಲೆಯಿಂದ ಬರುವ ಸಮಯ, ಅತ್ತೆಯ ಮಾತ್ರೆಯ ಸಮಯ, ಕರೆಂಟ್ ಹೋಗುವ ಸಮಯ. ಇವುಗಳ ಸಂದಿಯಲ್ಲಿ ಸಿಕ್ಕ ಅರ್ಧರ್ಧ ಗಂಟೆಯಲ್ಲಿ ಬ್ಲೌಸಿನ ತೋಳು ಕೂಡಿಸಬೇಕು. ಮನೆಯಲ್ಲೇ ಇರುವವಳೆಂದರೆ ಬಿಡುವಾಗಿರುವವಳು ಎಂದು ನೆರೆಹೊರೆಯೂ ನಂಟರೂ ತಿಳಿದಿರುತ್ತಾರೆ. ಮದುವೆಯ ಹಿಂದಿನ ದಿನ ಬಂದು ಇವತ್ತೇ ಬೇಕು ಎನ್ನುವ ಗಿರಾಕಿಯೂ ಹಾಗೆಯೇ ತಿಳಿದಿರುತ್ತಾಳೆ. ಅವಳಿಗೆ ಬೇಕಾದದ್ದು ಇನ್ನೊಂದು ಶಿಸ್ತಿನ ಪಾಠವಲ್ಲ. ಮುಚ್ಚಿಕೊಳ್ಳಬಹುದಾದ ಒಂದು ಬಾಗಿಲು.

ಹಾಗಾದರೆ ಒಬ್ಬೊಂಟಿಯಾಗಿ ದುಡಿಯುವವರನ್ನು ಹಿಡಿದು ನಿಲ್ಲಿಸುವುದು ಯಾವುದು? ನನಗೆ ಕಾಣುವಂತೆ, ಹೊರಗಿನ ಯಾವುದೋ ಒಂದರ ಹೊತ್ತು. ಆರ್. ಕೆ. ನಾರಾಯಣ್ ಚನ್ನಪಟ್ಟಣದ ಮೇಷ್ಟರ ಕೆಲಸ ಬಿಟ್ಟು ಮೈಸೂರಿನಲ್ಲಿ ಬರೆದೇ ಬದುಕುತ್ತೇನೆಂದು ಕೂತವರು. ಸಂಸಾರ ನಡೆಸಲು ಮದರಾಸಿನ 'ಜಸ್ಟಿಸ್' ಪತ್ರಿಕೆಗೆ ಊರಿನ ಸುದ್ದಿ ಕಳಿಸತೊಡಗಿದರು. ಸಂಬಳವಿಲ್ಲ, ಅಚ್ಚಾದದ್ದರ ಅಳತೆಗೆ ತಕ್ಕಷ್ಟು ಕಾಸು. ಬೆಳಗ್ಗೆ ಊರೆಲ್ಲ ಸುತ್ತಿ ಸುದ್ದಿ ಹೆಕ್ಕಿ, ಮನೆಗೆ ಬಂದು ಟೈಪ್ ಮಾಡಿ, ಮಧ್ಯಾಹ್ನದ ಟಪಾಲಿಗೆ ಮುಟ್ಟಿಸಬೇಕು. 1974ರ 'ಮೈ ಡೇಸ್' ಆತ್ಮಕಥನದಲ್ಲಿ ಆ ದಿನಗಳ ಓಡಾಟ ಚೆನ್ನಾಗಿ ಬಂದಿದೆ. ಟಪಾಲು ಲೇಖಕನ ಲಹರಿಗೆ ಕಾಯುವುದಿಲ್ಲ.

ರಾಮನಗರದ ಗೂಡಿನ ಮಾರುಕಟ್ಟೆಗೆ ಮಾಲು ತರುವ ರೇಷ್ಮೆ ಬೆಳೆಗಾರರಿಗೂ ಮೇಲಧಿಕಾರಿಯಿಲ್ಲ. ಇರುವುದು ಹುಳು. ಮರಿಯಿಂದ ಗೂಡು ಕಟ್ಟುವವರೆಗೆ ಸುಮಾರು ಇಪ್ಪತ್ತೈದು ದಿನ, ದಿನಕ್ಕೆ ಹಲವು ಸಲ ಸೊಪ್ಪು. ನಡುವೆ ನಾಲ್ಕು ಸಲ ಹುಳು ಪೊರೆ ಬಿಡುತ್ತದೆ. ರೈತರು ಅದನ್ನು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಿನ್ನುವುದಿಲ್ಲವಾದ್ದರಿಂದ ಮನೆಯವರಿಗೂ ಅಷ್ಟು ಹೊತ್ತು ಉಸಿರು. ನಾಲ್ಕನೆಯ ಜ್ವರ ಎದ್ದ ಮೇಲೆ ಕೇಳುವಂತಿಲ್ಲ. ಒಟ್ಟು ಸೊಪ್ಪಿನ ಬಹುಪಾಲು ಆ ಕೊನೆಯ ವಾರದಲ್ಲೇ ಮುಗಿಯುತ್ತದೆ, ಆಗ ನಂಟರ ಮದುವೆಗೂ ಹೋಗುವವರಿಲ್ಲ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ಮಾರಿದ ಮೇಲೆ ಮುಂದಿನ ಬೆಳೆಯವರೆಗೆ ಬಿಡುವು. ಇದರಲ್ಲಿ ಕಟ್ಟೂ ಇದೆ, ಬಿಡುಗಡೆಯೂ ಇದೆ. ಎರಡನ್ನೂ ಹಂಚುವುದು ಕೆಲಸವೇ ಹೊರತು ರೈತನ ಮನಸ್ಸಿನ ಅಂದಿನ ಸ್ಥಿತಿಯಲ್ಲ. ಪರದೆಯ ಮುಂದೆ ಕೂತು ದುಡಿಯುವವರ ಕೆಲಸಕ್ಕೆ ಇಂಥ ಜ್ವರವಿಲ್ಲ, ಕಷ್ಟ ಇರುವುದೇ ಅಲ್ಲಿ.

ಸಂಶೋಧಕರಾದ ಡಾನ್ ಏರಿಯೆಲಿ ಮತ್ತು ಕ್ಲಾಸ್ ವರ್ಟೆನ್‌ಬ್ರಾಕ್ 2002ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಕರಡು ತಿದ್ದುವ ಕೆಲಸ, ಹಿಡಿದ ತಪ್ಪಿಗೆ ಇಷ್ಟೆಂದು ಕಾಸು, ತಡವಾದರೆ ದಂಡ. ವಾರಕ್ಕೊಂದರಂತೆ ಗಡುವನ್ನು ಇತರರು ಗೊತ್ತುಮಾಡಿದ ಗುಂಪು ಎಲ್ಲಕ್ಕಿಂತ ಚೆನ್ನಾಗಿ ಮಾಡಿತು. ತಾವೇ ಗಡುವು ಹಾಕಿಕೊಂಡವರು ನಡುವೆ ನಿಂತರು. ಕೊನೆಗೊಂದೇ ಗಡುವು ಇದ್ದವರು ಎಲ್ಲರಿಗಿಂತ ಹಿಂದೆ. ಸಣ್ಣ ಪ್ರಯೋಗ, ಅದನ್ನೇ ವೇದವಾಕ್ಯ ಮಾಡಬೇಕಿಲ್ಲ. ಆದರೂ ಪ್ರತಿ ತಿಂಗಳ 20ರ ಹತ್ತಿರ ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಆಡಿಟರ್ ಫೋನ್ ಮಾಡಿದಾಗ ಮಾತ್ರ ಬಿಲ್ಲುಗಳ ಡಬ್ಬಿ ತೆರೆಯುವ ಯಾರಿಗೂ ಈ ಫಲಿತಾಂಶ ಆಶ್ಚರ್ಯ ತರಲಾರದು. ತೆರಿಗೆ ಇಲಾಖೆಗೆ ಯಾರೂ ಕೃತಜ್ಞತೆ ಹೇಳುವುದಿಲ್ಲ. ಆದರೆ ಎಷ್ಟೋ ಸಣ್ಣ ಉದ್ಯಮಗಳಲ್ಲಿ ಲೆಕ್ಕ ಎನ್ನುವುದು ಉಳಿದಿರುವುದೇ ಆ ತಾರೀಕಿನಿಂದ.

ಇಷ್ಟು ಹೊತ್ತು ಹೇಳಿದ್ದು ಕೆಲಸ ಶುರು ಮಾಡಿಸುವ ಕಟ್ಟುಗಳ ಬಗ್ಗೆ. ನಿಲ್ಲಿಸುವ ಕಟ್ಟು ಇನ್ನೂ ಅಪರೂಪ. ಅಂಗಡಿಯವರಿಗೆ ಬೋಣಿ ಇದೆ. ಮೊದಲ ಗಿರಾಕಿಯನ್ನು ಬರಿಗೈಲಿ ಕಳಿಸಬಾರದೆಂಬ ನಂಬಿಕೆಯೇ ಬೆಳಗ್ಗೆ ಬಾಗಿಲು ತೆಗೆಸುತ್ತದೆ. ಕೊನೆಯ ಗಿರಾಕಿಗೆ ಅಂಥದ್ದೇನೂ ಇಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಕೆಲಸಗಾರನಿಗೆ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂದು ಮಿತಿ ಹಾಕಿತು, ವಾರಕ್ಕೊಂದು ರಜೆ ಕೊಟ್ಟಿತು. ಆ ಮಿತಿ ಒಂಟಿಯಾಗಿ ದುಡಿಯುವ ಮಾಲೀಕನಿಗೆ ಇಲ್ಲ. ತನ್ನನ್ನು ತಾನೇ ಎಷ್ಟು ಹೊತ್ತು ದುಡಿಸಿಕೊಂಡರೂ ಕಾನೂನು ಕೇಳುವುದಿಲ್ಲ.

ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ಅರ್ಥಶಾಸ್ತ್ರದಲ್ಲಿ ಒಂದು ಜಗಳವೇ ಇದೆ. ನ್ಯೂಯಾರ್ಕಿನ ಟ್ಯಾಕ್ಸಿ ಚಾಲಕರ ಬಗ್ಗೆ ಕಾಲಿನ್ ಕ್ಯಾಮರರ್ ಮತ್ತು ಸಂಗಡಿಗರು 1997ರಲ್ಲಿ ಬರೆದ ಲೇಖನದ ಪ್ರಕಾರ, ಚಾಲಕರು ಇಂದಿಗೆ ಇಷ್ಟು ಎಂದು ಮನಸ್ಸಿನಲ್ಲೇ ಗುರಿ ಇಟ್ಟುಕೊಂಡವರಂತೆ ನಡೆದುಕೊಳ್ಳುತ್ತಾರೆ. ದುಡಿಮೆ ಚೆನ್ನಾಗಿರುವ ದಿನ ಬೇಗ ಮನೆಗೆ ಹೋಗುತ್ತಾರೆ, ಇಲ್ಲದ ದಿನ ಹೆಚ್ಚು ಹೊತ್ತು ಅಲೆಯುತ್ತಾರೆ. ಶಾಸ್ತ್ರದ ಲೆಕ್ಕದಲ್ಲಿ ಇದು ತಲೆಕೆಳಗು. ಆಮೇಲೆ ಬಂದವರು ಈ ನಿರ್ಣಯವನ್ನು ಪ್ರಶ್ನಿಸಿದರು, ಆ ಮಾತು ಬೇರೆ. ನನಗೆ ಆ ಚಾಲಕರ ಲೆಕ್ಕ ಅಷ್ಟೇನೂ ಹುಚ್ಚಾಗಿ ಕಾಣುವುದಿಲ್ಲ. ದಿನದ ಗುರಿ ಇಲ್ಲದಿದ್ದರೆ, ನಾಳೆ ಸರಿದೂಗಿಸೋಣ ಎಂದು ಪ್ರತಿದಿನವೂ ಬೇಗ ಹೋಗುವ ಅಪಾಯವಿದೆ. ಇನ್ನಷ್ಟು ಬರಲಿ ಎಂದು ಎಂದೂ ಹೋಗದಿರುವ ಅಪಾಯ ಅದಕ್ಕಿಂತ ದೊಡ್ಡದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳದೆ ಹಿಂದಿರುಗಿಸಲು ಹೇಳಿದ ಕಥೆ ನಮಗೆಲ್ಲ ಗೊತ್ತು. ಅದನ್ನು ಭಕ್ತಿಯ ಕಥೆಯಾಗಿ ಕೇಳಿದ್ದೇವೆ. ಕಾಯಕದ ದಿನಕ್ಕೆ ಒಂದು ಅಂಚು ಇರಬೇಕೆಂದು ಹೇಳಿದ ಕಥೆಯಾಗಿಯೂ ಅದು ಕೇಳುತ್ತದೆ. ಕಂತು, ಶಾಲೆಯ ಶುಲ್ಕ, ಆಸ್ಪತ್ರೆಯ ಭಯ ಇರುವ ಇಂದಿನ ಮನೆಗೆ ಅಷ್ಟು ಕಟ್ಟುನಿಟ್ಟು ಆಗದು. ಉಳಿತಾಯ ಬೇಕು, ಕೈ ನಡೆಯುವ ತಿಂಗಳು ಹೆಚ್ಚು ದುಡಿಯಲೂ ಬೇಕು. ಆದರೂ ಸಾಕು ಎನ್ನುವ ಗೆರೆ ಎಲ್ಲೋ ಒಂದು ಕಡೆ ಇರಲೇಬೇಕು.

ಆ ಗೆರೆಯನ್ನು ಒಬ್ಬರೇ ಎಳೆದರೆ ನಿಲ್ಲುವುದಿಲ್ಲ ಎಂಬುದಕ್ಕೆ ಸಾಕ್ಷಿ ಮಂಗಳವಾರದ ಕ್ಷೌರದಂಗಡಿ. ನಮ್ಮ ಊರುಗಳಲ್ಲಿ ಅಂದು ಬಹುತೇಕ ಸಣ್ಣ ಅಂಗಡಿಗಳ ಶಟರ್ ಇಳಿದಿರುತ್ತದೆ. ಗಿರಾಕಿಗೆ ಅದು ಶಾಸ್ತ್ರ, ಅಂಗಡಿಯವನಿಗೆ ವಾರದ ಒಂದೇ ಒಂದು ದಿನ. ಎಲ್ಲರೂ ಮುಚ್ಚಿರುವುದರಿಂದ ಯಾರ ಗಿರಾಕಿಯೂ ಪಕ್ಕದ ಬೀದಿಗೆ ಹೋಗುವುದಿಲ್ಲ. ನಾಲ್ಕು ಮಂದಿ ತೆರೆಯತೊಡಗಿದರೆ ಉಳಿದವರೂ ತೆರೆಯಲೇಬೇಕಾಗುತ್ತದೆ, ದೊಡ್ಡ ಸಲೂನುಗಳು ಬಂದ ಕಡೆ ಆಗುತ್ತಿರುವುದೂ ಅದೇ. ಫೋಟೋ ತೆಗೆಯುವವರು, ಪುಟ ವಿನ್ಯಾಸ ಮಾಡುವವರು, ಅನುವಾದಕರು, ಮನೆಯಿಂದ ಕೇಕ್ ಮಾರುವವರು ಇಂಥ ಮಂಗಳವಾರವೇ ಇಲ್ಲದೆ ಹುಟ್ಟಿದ ಕಸುಬಿನವರು. ರಾತ್ರಿ ಹತ್ತಕ್ಕೆ ಉತ್ತರ ಕೊಡದಿದ್ದರೆ ಇನ್ನೊಬ್ಬರು ಕೊಡುತ್ತಾರೆಂಬ ಭಯವೇ ಅವರ ಸೈರನ್.

ಕೆಲವರಿಗೆ ರಾತ್ರಿಯೇ ಕೆಲಸ ಸಾಗುತ್ತದೆ, ಕಟ್ಟಿ ಹಾಕಿದರೆ ಹೊಸದೇನೂ ಹೊಳೆಯುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಯಾವ ಹೊತ್ತಿಗೆ ದುಡಿಯಬೇಕೆಂಬುದನ್ನು ಅವರವರಿಗೇ ಬಿಡೋಣ. ಯಾವ ಹೊತ್ತಿಗೆ ಕರೆಯಬಾರದೆಂಬುದು ಮಾತ್ರ ಎಲ್ಲರಿಗೂ ತಿಳಿದಿರಲಿ. ಹಿಂದೆ ಅಂಗಡಿಯ ಬೋರ್ಡಿನಲ್ಲಿ ಹೆಸರಿನ ಕೆಳಗೆ ಕೆಲಸದ ವೇಳೆಯನ್ನೂ ವಾರದ ರಜೆಯನ್ನೂ ಬರೆಸುತ್ತಿದ್ದರು. ವಿಸಿಟಿಂಗ್ ಕಾರ್ಡಿನಲ್ಲಿ, ವಾಟ್ಸ್ಯಾಪ್ ಖಾತೆಯಲ್ಲಿ ನೀವೂ ಬರೆಯಿರಿ. ಅಷ್ಟಕ್ಕೇ ನಿಲ್ಲಬೇಡಿ. ನಿಮ್ಮ ಕಸುಬಿನವರ ಸಂಘವಿದ್ದರೆ ಅದರ ಮುಂದಿನ ಸಭೆಯಲ್ಲಿ, ಇಲ್ಲದಿದ್ದರೆ ನೀವೆಲ್ಲ ಇರುವ ಆ ವಾಟ್ಸ್ಯಾಪ್ ಗುಂಪಿನಲ್ಲೇ, ದರದ ಮಾತಿಗಿಂತ ಮೊದಲು ಒಂದು ವಿಷಯ ಎತ್ತಿ: ವಾರದಲ್ಲಿ ಯಾವ ದಿನ ನಾವೆಲ್ಲರೂ ಫೋನ್ ಎತ್ತುವುದಿಲ್ಲ?