ಪದವಿ ಕೈಗೆ ಬಂತು, ಕೈ ಪಳಗುವುದೆಂದು?

ಐದು ವರ್ಷಗಳ ಬಿ.ಆರ್ಕ್. ಪದವಿ ಪಡೆದು ವಾಸ್ತುಶಿಲ್ಪ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡ ಮರುದಿನವೇ ನಮ್ಮ ತರುಣ ತರುಣಿಯರು ‘ಆರ್ಕಿಟೆಕ್ಟ್’ ಎಂಬ ಫಲಕ ತೂಗುಹಾಕಬಹುದು. 1972ರ ವಾಸ್ತುಶಿಲ್ಪಿಗಳ ಕಾಯ್ದೆ ಅದಕ್ಕೆ ಅಡ್ಡಿಪಡಿಸುವುದಿಲ್ಲ. ಪಾಯದಿಂದ ಪ್ಯಾರಪೆಟ್‌ವರೆಗೆ ಒಂದು ಮನೆಯಾದರೂ ಮೇಲೇಳುವುದನ್ನು ಇವರು ನಿಂತು ನೋಡಿದ್ದಾರೆಯೇ ಎಂದು ಕೇಳುವವರಿಲ್ಲ. ಜೀವಮಾನದ ಉಳಿತಾಯವನ್ನೂ ದೀರ್ಘಾವಧಿಯ ಗೃಹಸಾಲವನ್ನೂ ಇವರ ನಕ್ಷೆಯನ್ನು ನಂಬಿ ತೊಡಗಿಸುವ ಕುಟುಂಬಕ್ಕೆ ಈ ಪ್ರಶ್ನೆ ಸಣ್ಣದಲ್ಲ.

ಇತರ ವೃತ್ತಿಗಳನ್ನು ನೋಡಿ. ವೈದ್ಯ ಪದವೀಧರರು ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿಯಬೇಕು. ಲೆಕ್ಕ ಪರಿಶೋಧಕರಾಗಬಯಸುವವರಿಗೆ ಎರಡು ವರ್ಷಗಳ ಆರ್ಟಿಕಲ್‌ಶಿಪ್ ಕಡ್ಡಾಯ. ಕಾನೂನು ಪದವೀಧರರಿಗೆ ಅಖಿಲ ಭಾರತ ವಕೀಲರ ಪರೀಕ್ಷೆಯಿದೆ. ಅಮೆರಿಕದಲ್ಲಿ ವಾಸ್ತುಶಿಲ್ಪಿಯ ಪರವಾನಗಿಗೆ ಸಾಮಾನ್ಯವಾಗಿ 3,740 ಗಂಟೆಗಳ ಅನುಭವ ದಾಖಲಾಗಬೇಕು, ಆರು ಭಾಗಗಳ ಪರೀಕ್ಷೆಯನ್ನೂ ಗೆಲ್ಲಬೇಕು. ಆ ಗಂಟೆಗಳೆಲ್ಲ ವಿನ್ಯಾಸಕ್ಕೇ ಮೀಸಲಲ್ಲ. ಕಚೇರಿ ನಿರ್ವಹಣೆ, ಯೋಜನೆಯ ಮೇಲ್ವಿಚಾರಣೆ, ನಿರ್ಮಾಣದ ಪರಿಶೀಲನೆಗಳಿಗೂ ಪಾಲಿದೆ. ಪ್ರತಿಯೊಂದಕ್ಕೂ ಮೇಲ್ವಿಚಾರಕರ ದೃಢೀಕರಣ ಬೇಕು.

ನಮ್ಮಲ್ಲಿಯೂ ವ್ಯಾಸಂಗದ ನಡುವೆ ಪ್ರಾಯೋಗಿಕ ತರಬೇತಿಯಿದೆ, ನಿಜ. ಆದರೆ ಹಲವರ ಪಾಲಿಗೆ ಅದು ಅನ್ಯರ ವಿನ್ಯಾಸಕ್ಕೆ ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದರಲ್ಲೇ ಮುಗಿಯುತ್ತದೆ. ಮೋಲ್ಡ್ ಹಾಕುವ ಮುನ್ನ ಕಬ್ಬಿಣವನ್ನು ಹೇಗೆ ಪರೀಕ್ಷಿಸಬೇಕು, ಬಚ್ಚಲಿನ ನೆಲಕ್ಕೆ ಇಳಿಜಾರು ಎಷ್ಟಿರಬೇಕು, ಗುತ್ತಿಗೆದಾರನ ಬಿಲ್ಲಿನಲ್ಲಿ ಅಳತೆ ಎಲ್ಲಿ ಹಿಗ್ಗಿದೆ ಎಂಬುದನ್ನು ಕೊನೆಗೆ ಕಲಿಸುವವನು ಮೇಸ್ತ್ರಿ. ಆ ಕಲಿಕೆಯ ಶುಲ್ಕ ತೆರುವವನು ಮನೆಯ ಯಜಮಾನ.

ಹಾಗೆಂದು ಮತ್ತೊಂದು ಲಿಖಿತ ಪರೀಕ್ಷೆ ಹೇರಿದರೆ ಕೋಚಿಂಗ್ ಕೇಂದ್ರಗಳು ಬೆಳೆಯಬಹುದೇ ಹೊರತು ಕೌಶಲವಲ್ಲ. ಇನ್ನೊಂದು ತೊಡಕೂ ಇದೆ. ಕಾಯ್ದೆ ರಕ್ಷಿಸುವುದು ‘ವಾಸ್ತುಶಿಲ್ಪಿ’ ಎಂಬ ಅಭಿಧಾನವನ್ನು ಮಾತ್ರ, ಆ ಕೆಲಸವನ್ನಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ನೋಂದಣಿಯ ಹಾದಿಯನ್ನು ಸುಮ್ಮನೆ ದುರ್ಗಮಗೊಳಿಸಿದರೆ ನೋಂದಣಿಯ ಗೊಡವೆಯೇ ಇಲ್ಲದವರಿಗೆ ಅನುಕೂಲವಾದೀತು.

ಆದ್ದರಿಂದ ಬೇಕಿರುವುದು ಹಿರಿಯರ ಕಣ್ಗಾವಲಿನಲ್ಲಿ ಎರಡು ವರ್ಷಗಳ ದಾಖಲಿತ ಅನುಭವ. ಅದು ಸಂಬಳಸಹಿತವಾಗಿರಲೇಬೇಕು, ಇಲ್ಲವಾದರೆ ತರಬೇತಿಯ ಹೆಸರಿನಲ್ಲಿ ಪುಕ್ಕಟೆ ದುಡಿಮೆಗೆ ದಾರಿಯಾಗುತ್ತದೆ, ಮನೆಯ ಆಸರೆಯಿಲ್ಲದ ಪ್ರತಿಭಾವಂತರು ವೃತ್ತಿಯಿಂದಲೇ ದೂರ ಸರಿಯುತ್ತಾರೆ. ನಿವೇಶನ, ಅಂದಾಜುಪಟ್ಟಿ, ಪಾಲಿಕೆಯ ಅನುಮತಿ ಎಲ್ಲದರಲ್ಲೂ ಕಿರಿಯರನ್ನು ತೊಡಗಿಸಿ ಸಹಿ ಹಾಕುವ ಹೊಣೆ ಹಿರಿಯರದಾಗಬೇಕು.

ನಿಯಮ ಬರುವವರೆಗೆ ಯುವಕರು ಕಾಯಬೇಕಿಲ್ಲ. ದಿನಚರಿ ಇಡಲಿ, ವಾರಕ್ಕೊಂದು ದಿನವಾದರೂ ನಿವೇಶನದಲ್ಲಿ ನಿಲ್ಲಲಿ, ತಾವು ನಕ್ಷೆ ಬರೆದ ಮನೆಗೆ ಮೊದಲ ಮಳೆಗಾಲ ಕಳೆದ ಮೇಲೆ ಹೋಗಿ ಸಜ್ಜಾದ ಕೆಳಗಿನ ಗೋಡೆಯನ್ನು ಮುಟ್ಟಿ ನೋಡಲಿ. ಅಲ್ಲಿ ತೇವವಿದ್ದರೆ ಅದನ್ನು ಮನೆಯವರ ಎದುರು ಒಪ್ಪಿಕೊಂಡು ಸರಿಪಡಿಸುವ ಧೈರ್ಯವನ್ನು ಯಾವ ಪದವಿಪತ್ರವೂ ಕೊಡಲಾರದು. ವೃತ್ತಿ ಆರಂಭವಾಗುವುದು ಅಲ್ಲಿಂದ.